ಹೆಬ್ಬಾತು ತರುವ ಮೊದಲು ಬದುವಿನ ಹುಲ್ಲು ನೋಡಿ

ಹೆಬ್ಬಾತು ಸಾಕಬೇಕು ಅಂತ ಇರುವವರು ಮೊದಲು ಕೇಳುವುದು ಒಂದೇ: ಕೆರೆ ಬೇಕಾ? ಬೇಡ. ತಲೆ ಮುಳುಗಿಸಲು ಒಂದು ಬಕೆಟ್ಟು ನೀರಿದ್ದರೂ ಅದು ಬದುಕುತ್ತದೆ. ಹುಲ್ಲಿಲ್ಲದೆ ಮಾತ್ರ ಸಾಕಲು ಹೋಗಬೇಡಿ. ದಿನವಿಡೀ ಕಾಳು ಹಾಕಿ ಹೆಬ್ಬಾತು ಸಾಕುವುದೆಂದರೆ ಕಿಸೆಗೆ ನಾವೇ ತೂತು ಮಾಡಿಕೊಂಡ ಹಾಗೆ.

ಕೋಳಿ ಸಾಕಿ ಗೊತ್ತಿದ್ದವರು ಇಲ್ಲೇ ಎಡವುತ್ತಾರೆ. ನಾನೂ ಎಡವಿದ್ದೇನೆ. ಕೋಳಿ ಕೆದಕಿ ತಿನ್ನುತ್ತದೆ, ಹೆಬ್ಬಾತು ಮೇಯುತ್ತದೆ. ಅದರ ಕೊಕ್ಕಿನ ಅಂಚಿನಲ್ಲಿ ಗರಗಸದ ಹಲ್ಲಿನಂಥ ಸಾಲು ಇದೆ. ಹುಲ್ಲು ಹಿಡಿದು ಕತ್ತರಿಸಲು ಅದೇ ಕುಡುಗೋಲು. ರೆಕ್ಕೆ ಇರುವ ಕುರಿ ಅಂದುಕೊಂಡರೆ ಅರ್ಧ ಲೆಕ್ಕ ಅಲ್ಲೇ ಸರಿಹೋಗುತ್ತದೆ.

ಒಳ್ಳೆಯ ಹುಲ್ಲಿದ್ದರೆ ಎಕರೆಗೆ 20ರಿಂದ 40 ಹೆಬ್ಬಾತು ಮೇಯಬಹುದು. ಎಕರೆಗೆ 40 ಗುಂಟೆ ಅಲ್ವಾ, ಹಾಗಾಗಿ ನಾನು ಇಟ್ಟುಕೊಂಡ ಲೆಕ್ಕ ಸುಲಭದ್ದು. ನೀರು ಹಾಯುವ ಹುಲ್ಲಾದರೆ ಗುಂಟೆಗೊಂದು ಹಕ್ಕಿ, ಉಳಿದ ಕಡೆ ಎರಡು ಗುಂಟೆಗೊಂದು. ಈ ಲೆಕ್ಕವನ್ನು ಏಪ್ರಿಲ್‌ನಲ್ಲಿ ಹೊಲಕ್ಕೆ ಹೋಗಿ ಹಾಕಬೇಕು. ಶ್ರಾವಣದಲ್ಲಿ ನೋಡಿದರೆ ಯಾರ ಹೊಲವೂ ಹಸಿರೇ.

ಮೂರು ಮನೆ, ಮೂರು ಉತ್ತರ

ನಮ್ಮದು ಮುಧೋಳ ತಾಲೂಕು. ಕಾಲುವೆ ನೀರು, ಕಬ್ಬಿನ ಹೊಲ. ಅಕ್ಕ ಬೆಳಗಾವಿಯ ವಡಗಾವಿಯಲ್ಲಿ ಇದ್ದಾಳೆ. ಹೆಂಡತಿಯ ತಮ್ಮ ಇಂಡಿ ತಾಲೂಕಿನಲ್ಲಿ ನಿಂಬೆ ತೋಟ ಮಾಡಿಕೊಂಡಿದ್ದಾನೆ. ಒಂದೇ ವರ್ಷ ಮೂವರಿಗೂ ಹೆಬ್ಬಾತಿನ ಹುಚ್ಚು ಹಿಡಿಯಿತು. ಹುಚ್ಚು ಒಂದೇ ಆದರೂ ಮೂವರಿಗೆ ಒಂದೇ ಹಕ್ಕಿ ಹೊಂದಲಿಲ್ಲ.

ನಮ್ಮಲ್ಲಿ ಕಾಲುವೆ ಬದುವಿನ ಮೇಲೆ ವರ್ಷವಿಡೀ ಕರಿಕೆ ಇರುತ್ತದೆ. ಹೆಬ್ಬಾತಿಗೆ ಕರಿಕೆ ಅಂದರೆ ಹಬ್ಬದೂಟ. ಗಿಡ್ಡ, ಮೆತ್ತನೆಯ ಹುಲ್ಲೇ ಅದಕ್ಕೆ ಬೇಕು. ಆಕಳಿಗೆ ಅಂತ ಹಚ್ಚಿದ ನೇಪಿಯರ್ ಹುಲ್ಲು ಆಳೆತ್ತರ ಬೆಳೆದಿದ್ದರೆ ಅದರ ದಂಟಿಗೆ ಬಾಯಿ ಹಾಕುವುದಿಲ್ಲ. ಜೇಕು ಇನ್ನೂ ಎಳೆಯದಾಗಿದ್ದಾಗ ಚೆನ್ನಾಗಿ ತಿನ್ನುತ್ತದೆ. ಬದುವಿನ ಕಳೆ ತೆಗೆಸುವ ಕೂಲಿ ಉಳಿಯಿತು ಅಂತ ನಾನು ಬೀಗುತ್ತಿದ್ದೆ, ಕುಳೆ ಕಬ್ಬು ಚಿಗುರುವ ತನಕ. ಒಂದು ಬೆಳಿಗ್ಗೆ ನೋಡಿದರೆ ಎರಡು ಸಾಲು ಎಳೆ ಕಬ್ಬು ಕತ್ತರಿಸಿಟ್ಟ ಹಾಗಿತ್ತು. ಕಬ್ಬು, ಜೋಳ, ಗೋವಿನಜೋಳ ಎಲ್ಲ ಹುಲ್ಲಿನ ಜಾತಿಯವೇ. ಹೆಬ್ಬಾತಿಗೆ ಅದು ನಮ್ಮ ಬೆಳೆ ಅಂತ ಹೇಗೆ ಗೊತ್ತಾಗಬೇಕು? ಅಮೆರಿಕದಲ್ಲಿ ಹತ್ತಿ ಹೊಲದ ಕಳೆಗೆ ಹೆಬ್ಬಾತು ಬಿಡುವ ರೂಢಿ ಇತ್ತು. ಅಗಲ ಎಲೆಯ ಹತ್ತಿಯನ್ನು ಬಿಟ್ಟು ಹುಲ್ಲನ್ನಷ್ಟೇ ಆರಿಸಿ ತಿನ್ನುತ್ತವೆ ಎಂಬುದೇ ಅದರ ಗುಟ್ಟು. ಹಾಗಾಗಿ ಬೆಳೆದ ಹತ್ತಿ ಹೊಲಕ್ಕೆ ಬಿಡಬಹುದು, ಎಳೆ ಜೋಳದ ಹೊಲಕ್ಕೆ ಬಿಟ್ಟರೆ ಹೋಯಿತು. ಔಷಧ ಹೊಡೆದ ಹೊಲಕ್ಕಂತೂ ಯಾವ ಬೆಳೆಯಿದ್ದರೂ ಬಿಡಬೇಡಿ.

ಇಂಡಿಯ ಕಥೆ ಬೇರೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಫೆಬ್ರುವರಿ ಮುಗಿಯುವ ಹೊತ್ತಿಗೆ ಹನಿ ನೀರಾವರಿಯ ಪೈಪಿನ ಬುಡ ಬಿಟ್ಟರೆ ಹಸಿರೇ ಇಲ್ಲ. ಅಲ್ಲಿಗೆ ನಾನು ಹೇಳಿದ್ದು ಗಿನಿ ಕೋಳಿ. ಅದು ಆಫ್ರಿಕಾದ ಒಣ ಸೀಮೆಯ ಹಕ್ಕಿ. ಹುಳು, ಮಿಡತೆ, ಉಣ್ಣಿ ಹೆಕ್ಕಿ ತಿನ್ನುತ್ತದೆ. ಹೊಂಡ ಬೇಡ, ಹುಲ್ಲು ಬೇಡ. ವರ್ಷಕ್ಕೆ ನೂರರ ಆಸುಪಾಸು ಸಣ್ಣ ಮೊಟ್ಟೆ ಇಡುತ್ತದೆ. ಹೊಸಬರು ಬಂದರೆ ಅದೂ ಕೂಗಿ ಊರು ಕೂಡಿಸುತ್ತದೆ. ತೊಂದರೆ ಒಂದೇ, ಸಂಜೆ ಗೂಡಿಗೆ ಬಾ ಅಂದರೆ ಬೇವಿನ ಮರ ಏರಿ ಕೂರುತ್ತದೆ. ಭಾವಮೈದುನ ಇಪ್ಪತ್ತು ಗಿನಿ ಕೋಳಿ ತಂದ. ಜೊತೆಗೆ ಚೆಂದಕ್ಕೆ ಅಂತ ಎರಡು ಹೆಬ್ಬಾತನ್ನೂ ತಂದ. ಈಗ ಆ ಎರಡರ ಕಾಳಿನ ಖರ್ಚನ್ನೇ ಜಾಸ್ತಿ ಹೇಳುತ್ತಾನೆ.

ಅಕ್ಕನ ಬೆಳಗಾವಿಯಲ್ಲಿ ಹವೆ ಹೆಬ್ಬಾತಿಗೆ ಹೇಳಿ ಮಾಡಿಸಿದಂತಿದೆ. ತಂಪು ಊರು, ಮಳೆ ಚೆನ್ನ, ಹುಲ್ಲೂ ಬೆಳೆಯುತ್ತದೆ. ಇಲ್ಲದ್ದು ಜಾಗ. ಗೋಡೆಗೆ ಗೋಡೆ ಹತ್ತಿದ ಮನೆಗಳು. ನಸುಕಿನ ನಾಲ್ಕಕ್ಕೆ ಹೆಬ್ಬಾತು ಒಮ್ಮೆ ಕೂಗಿದರೆ ಓಣಿಯೆಲ್ಲ ಎದ್ದು ಕೂರುತ್ತದೆ. ಮೇಲೆ ಅದರ ಹಿಕ್ಕೆ. ದಿನವಿಡೀ ಹುಲ್ಲು ತಿಂದು ದಿನವಿಡೀ ಹಾಕುತ್ತದೆ, ಅದೂ ತೆಳ್ಳಗೆ. ಹಿತ್ತಲಿನ ಫರಸಿ ತೊಳೆಯುವವರು ಯಾರು? ಅವಳಿಗೆ ಮಸ್ಕೋವಿ ಬಾತು ಸಾಕು ಅಂದೆ. ಅದು ದಕ್ಷಿಣ ಅಮೆರಿಕ ಮೂಲದ್ದು, ಮುಖದ ಮೇಲೆ ಕೆಂಪು ಗಂಟು ಗಂಟು ಚರ್ಮ ಇರುತ್ತದೆ. ನೋಡಲು ಚೆಂದವಿಲ್ಲ, ನಿಜ. ಆದರೆ ಕ್ವಾಕ್ ಎನ್ನುವುದಿಲ್ಲ, ಬರೀ ಬುಸುಗುಟ್ಟುತ್ತದೆ. ತಾನೇ 35 ದಿನ ಕಾವು ಕೂತು ಮರಿ ಮಾಡುತ್ತದೆ.

ಬರೀ ಮೊಟ್ಟೆ ಬೇಕು ಅನ್ನುವವರಿಗೆ ಯೋಚನೆಯೇ ಬೇಡ, ಖಾಕಿ ಕ್ಯಾಂಪ್‌ಬೆಲ್ ಬಾತುಕೋಳಿ ತನ್ನಿ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 250ರ ಮೇಲೆ ಇಡುತ್ತದೆ. ಬೆಂಗಳೂರು ಹತ್ತಿರದ ಹೆಸರಘಟ್ಟದ ಕೇಂದ್ರ ಸರ್ಕಾರದ ಫಾರ್ಮಿನಲ್ಲಿ ಈ ತಳಿ ಸಾಕುತ್ತಾರೆ. ಖಾನಾಪುರ ಕಡೆಯ ಭತ್ತದ ಗದ್ದೆಗೂ ಬಾತುಕೋಳಿಯೇ ಸರಿ. ಹೆಬ್ಬಾತು ಇಡುವುದು ವರ್ಷಕ್ಕೆ 40ರಿಂದ 60, ಅದೂ ಚಳಿಗಾಲದಿಂದ ಬೇಸಿಗೆಯ ಮೊದಲ ಭಾಗದವರೆಗೆ ಮಾತ್ರ. ಒಂದು ಮೊಟ್ಟೆ 150 ಗ್ರಾಮಿನ ಹತ್ತಿರ ತೂಗುತ್ತದೆ, ಹೆಚ್ಚುಕಡಿಮೆ ಮೂರು ಕೋಳಿ ಮೊಟ್ಟೆಯಷ್ಟು. ಒಂದರಲ್ಲೇ ಮನೆಮಂದಿಗೆಲ್ಲ ಆಮ್ಲೆಟ್ ಆಗುತ್ತದೆ ಅನ್ನುವ ಖುಷಿ ಬೇರೆ, ಲೆಕ್ಕ ಬೇರೆ.

ಕಾವಲಿಗೆ ನಾಯಿಯೋ, ಹೆಬ್ಬಾತೋ?

ಮುಧೋಳದಲ್ಲಿ ಕೂತು ಈ ಪ್ರಶ್ನೆ ಕೇಳಿದರೆ ಜನ ನಗುತ್ತಾರೆ. "ನಮ್ಮೂರ ನಾಯಿ ಬಿಟ್ಟು ಬದಕ ಕಟ್ಟಾಕ ಹೊಂಟೀಯೇನೋ ತಮ್ಮಾ?" ಅಂದರು ಕಾಕಾ. ಆದರೆ ಮುಧೋಳ ನಾಯಿ ಹುಟ್ಟಿನಿಂದ ಬೇಟೆ ನಾಯಿ. ಓಡುವುದನ್ನು ಕಂಡರೆ ಬೆನ್ನಟ್ಟುವುದು ಅದರ ಗುಣ. ಬಾಗಿಲಲ್ಲಿ ಕೂತು ಬಂದವರಿಗೆಲ್ಲ ಬೊಗಳುವ ಕೆಲಸಕ್ಕೆ ಅದನ್ನು ಬೆಳೆಸಿದ್ದಲ್ಲ. ಹೆಬ್ಬಾತಿಗೆ ಆ ಕೆಲಸ ಸಲೀಸು. ಗಾಡಿ ಬಂದರೂ, ಅಪರಿಚಿತ ಹೆಜ್ಜೆ ಕೇಳಿದರೂ, ಬೆಕ್ಕು ಹಾದರೂ ಕತ್ತು ಚಾಚಿ ಕೂಗುತ್ತದೆ. ಬ್ರೆಜಿಲ್ ದೇಶದ ಸಾಂತಾ ಕ್ಯಾಟರಿನಾ ರಾಜ್ಯದ ಒಂದು ಜೈಲಿನಲ್ಲಿ ನಾಯಿಗಳ ಬದಲು ಹೆಬ್ಬಾತುಗಳನ್ನೇ ಕಾವಲಿಗೆ ಬಿಟ್ಟಿದ್ದಾರೆ.

ಆದರೆ ಕೂಗುವುದು ಬೇರೆ, ತಡೆಯುವುದು ಬೇರೆ. ಇದನ್ನು ನಾನು ಎರಡು ಹಕ್ಕಿ ಕಳೆದುಕೊಂಡು ಕಲಿತೆ. ಕಾವಲಿಗೆ ಅಂತ ತಂದವು ಅಲ್ವಾ, ರಾತ್ರಿ ಅಂಗಳದಲ್ಲೇ ಇರಲಿ ಅಂತ ಬಿಟ್ಟಿದ್ದೆ. ಬೀದಿ ನಾಯಿಗಳ ಹಿಂಡು ಬಂತು. ಹೆಬ್ಬಾತು ಕೂಗಿದ್ದು ನಿಜ. ನಾನು ಬ್ಯಾಟರಿ ಹುಡುಕಿ ಹೊರಗೆ ಬರುವಷ್ಟರಲ್ಲಿ ಆಗುವುದು ಆಗಿಹೋಗಿತ್ತು. ರಾತ್ರಿ ಮುಚ್ಚಿದ ದಡ್ಡಿಯಲ್ಲೇ ಕೂಡಿ. ಒಳಗಿಂದಲೂ ಅಷ್ಟೇ ಜೋರಾಗಿ ಕೂಗುತ್ತವೆ. ತಗಡಿನ ಸೂರು, ನಾಲ್ಕು ಕಡೆ ಗಟ್ಟಿ ಜಾಳಿಗೆ, ಒಂದು ಹಕ್ಕಿಗೆ ಐದಾರು ಚದರ ಅಡಿ ಜಾಗ ಇದ್ದರೆ ಸಾಕು. ನೆಲಕ್ಕೆ ಜೋಳದ ಕಣಕಿಯ ಚೂರು ಅಥವಾ ಕಬ್ಬಿನ ಒಣ ರವದಿ ಹಾಸಿ. ಎರೆ ಮಣ್ಣಿನ ಊರಿನವರಿಗೆ ಇದು ಮುಖ್ಯ. ಮಳೆಗಾಲದಲ್ಲಿ ಎರೆ ಕೆಸರು ಪಾದಕ್ಕೆ ಮೆತ್ತಿಕೊಂಡು ಹುಣ್ಣಾಗುತ್ತದೆ. ಒಂದಷ್ಟು ಗರಸು ಸುರಿದು ನೆಲ ಎತ್ತರ ಮಾಡಿಕೊಂಡರೆ ಒಳ್ಳೆಯದು.

ನಾಯಿಯೂ ಹೆಬ್ಬಾತೂ ಎರಡೂ ಬೇಕೆಂದರೆ ನಾಯಿಮರಿಯನ್ನು ಹೆಬ್ಬಾತಿನ ಜೊತೆಗೇ ಬೆಳೆಸಿ. ಬೆಳೆದ ಬೇಟೆ ನಾಯಿಯನ್ನು ಆಮೇಲೆ ತಂದು ಬಿಟ್ಟರೆ ಹೆಬ್ಬಾತೇ ಬೇಟೆ.

ಸಂತೆಯಲ್ಲಿ ಸಿಗುವುದು ಯಾವುದು?

ಬೆಳಗಾವಿ ಕಡೆ ಬಾತುಕೋಳಿಗೂ ಬದಕ, ಹೆಬ್ಬಾತಿಗೂ ಬದಕ. ಬಿಳಿ ಹೆಬ್ಬಾತು ಕಂಡರೆ ಹಂಸ ಅನ್ನುವವರೂ ಇದ್ದಾರೆ. ಈ ಗೊಂದಲದಲ್ಲಿ ಮಾರುವವರಿಗೆ ಲಾಭ. ನನಗೆ ಮೊದಲ ಸಲ ಹಂಸದ ಮರಿ ಅಂತ ಕೊಟ್ಟ ಹಳದಿ ಮರಿಗಳು ಎರಡು ತಿಂಗಳಿಗೆ ಕ್ವಾಕ್ ಕ್ವಾಕ್ ಅಂದವು. ಬಿಳಿ ಪೆಕಿನ್ ಬಾತು! ಬಣ್ಣ ನೋಡಬೇಡಿ, ಕೊಕ್ಕು ನೋಡಿ. ಬಾತಿನದು ಚಮಚದ ಹಾಗೆ ಚಪ್ಪಟೆ, ಉದ್ದ. ಹೆಬ್ಬಾತಿನದು ಬುಡದಲ್ಲಿ ದಪ್ಪ, ತುದಿಗೆ ಬರುತ್ತ ಸಣ್ಣ. ಹೆಬ್ಬಾತಿನ ಕಾಲು ಹೊಟ್ಟೆಯ ನಡುವಿಗೆ ಹತ್ತಿರ ಇರುವುದರಿಂದ ನಡಿಗೆ ನೆಟ್ಟಗಿರುತ್ತದೆ. ಬಾತು ಓಲಾಡುತ್ತ ನಡೆಯುತ್ತದೆ.

ಸಾಕು ಹೆಬ್ಬಾತಿನಲ್ಲಿ ಎರಡು ಮನೆತನ. ಯುರೋಪಿನವು ಬೂದು ಕಾಡು ಹೆಬ್ಬಾತಿನಿಂದ ಬಂದವು. ಎಂಬ್ಡೆನ್, ಟೂಲೂಸ್ ಈ ಗುಂಪಿನವು. ಚೀನಾದವು ಏಷ್ಯಾದ ಇನ್ನೊಂದು ಕಾಡು ಜಾತಿಯಿಂದ ಬಂದವು. ಕೊಕ್ಕಿನ ಬುಡದಲ್ಲಿ ಹಣೆಯ ಮೇಲೆ ಗುಬುಟು ಎದ್ದಿದ್ದರೆ ಅದು ಚೀನಾ ಮನೆತನ. ನಮ್ಮ ಸಂತೆಗಳಲ್ಲಿ ಕಣ್ಣಿಗೆ ಬೀಳುವುದು ಬಹುಪಾಲು ಇದೇ ಅಥವಾ ಇದರ ಮಿಶ್ರ ತಳಿ, ಬಿಳಿ ಇಲ್ಲವೇ ಕಂದು.

ಹೊಸಬರಿಗೆ ಚೀನಾದ್ದೇ ಸಾಕು ಅಂತ ನನ್ನ ಅಭಿಪ್ರಾಯ. ಗಂಡು 5 ಕಿಲೋ, ಹೆಣ್ಣು 4 ಕಿಲೋ ಹತ್ತಿರ ತೂಗುತ್ತವೆ. ಮೈ ಹಗುರ, ಚುರುಕು ಜಾಸ್ತಿ, ಮೇಯುವುದರಲ್ಲಿ ಮುಂದು, ಮೊಟ್ಟೆಯೂ ಜಾಸ್ತಿ. ಎಂಬ್ಡೆನ್ ಗಂಡು ಅದರ ಎರಡರಷ್ಟು ತೂಗುತ್ತದೆ. ಮಾಂಸಕ್ಕೆ ಸರಿ, ಆದರೆ ಆ ಮೈ ಹೊತ್ತುಕೊಂಡು ಬಾಗಲಕೋಟೆಯ ಮೇ ತಿಂಗಳು ಕಳೆಯುವುದು ಕಷ್ಟ. ಬಿಳಿಯೋ ಕಂದೋ ಅನ್ನುವುದು ನಿಮ್ಮ ಕಣ್ಣಿಗೆ ಬಿಟ್ಟಿದ್ದು. ನಮ್ಮ ಎರೆ ನೆಲದಲ್ಲಿ ಬಿಳಿ ಹಕ್ಕಿ ಬಿಳಿಯಾಗಿ ಉಳಿಯುವುದು ಯುಗಾದಿಯಿಂದ ಮಿರಗದ ಮಳೆಯವರೆಗೆ ಮಾತ್ರ.

ಇನ್ನೊಂದು ಮಾತು. ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತು ಬರುತ್ತವೆ, ಹಿಮಾಲಯ ದಾಟಿ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುತ್ತದೆ. ಅಂಥ ಹಕ್ಕಿಯನ್ನು ಯಾರಾದರೂ ಚೀಲದಲ್ಲಿ ತಂದರೆ ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಹಿಡಿಯುವುದೂ ಅಪರಾಧ, ಮಾರುವುದೂ ಅಪರಾಧ.

ಮೊಟ್ಟೆ ತರಬೇಕೋ, ಮರಿಯೋ, ದೊಡ್ಡ ಜೋಡಿಯೋ?

ಮೊಟ್ಟೆ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಜೂಜು. ಸುಮಾರು 30 ದಿನ ಕಾವು ಬೇಕು. ಊರ ಕೋಳಿಯ ಕೆಳಗೆ ನಾಲ್ಕೈದು ಇಡಬಹುದು. ಆದರೆ ಕೋಳಿಗೆ ರೂಢಿ 21 ದಿನದ್ದು. ಕೊನೆಯ ವಾರ ಎದ್ದು ಹೋಗುವ ಕೋಳಿ ಉಂಟು. ಮೊಟ್ಟೆ ಭಾರ ಇರುವುದರಿಂದ ಅದಕ್ಕೆ ಹೊರಳಿಸಲೂ ಆಗುವುದಿಲ್ಲ, ದಿನಕ್ಕೆ ಎರಡು ಮೂರು ಸಲ ನಾವೇ ಹೊರಳಿಸಬೇಕು. ಮೊದಲ ಸಲದವರಿಗೆ ಇದು ಬೇಡ.

ದೊಡ್ಡ ಜೋಡಿ ಆಸೆ ಹುಟ್ಟಿಸುತ್ತದೆ. ನಾಳೆಯೇ ಮೊಟ್ಟೆ, ನಾಳೆಯೇ ಕಾವಲು ಅನ್ನಿಸುತ್ತದೆ. ಆದರೆ ದೊಡ್ಡ ಹಕ್ಕಿ ಹಳೆಯ ಮನೆ ಮರೆಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಹೆಬ್ಬಾತು 15–20 ವರ್ಷ ಬದುಕುತ್ತದೆ, ಹಾಗಾಗಿ ಮಾರುವವರು ಎರಡು ವರ್ಷದ್ದು ಅಂದರೆ ಅದು ಹತ್ತು ವರ್ಷದ್ದೂ ಇರಬಹುದು. ಮುಖ ನೋಡಿ ವಯಸ್ಸು ಹೇಳಲಾಗದು. ಜೋಡಿ ಅಂತ ಕೊಟ್ಟದ್ದು ಎರಡೂ ಗಂಡಾಗಿರುವುದೂ ಮಾಮೂಲು. ಚೀನಾ ತಳಿಯಲ್ಲಿ ಗಂಡಿನ ಗುಬುಟು ದೊಡ್ಡದು, ದನಿ ಕೀರಲು. ಹೆಣ್ಣಿನ ದನಿ ಒಡಕು, ದಪ್ಪ. ಕೊಳ್ಳುವ ಮುಂಚೆ ಅರ್ಧ ಗಂಟೆ ಕೂತು ಕೇಳಿ. ಚಹಾ ಕುಡಿಯುತ್ತ ಕೇಳಿದರೂ ಆಯಿತು.

ನಾನು ಹೇಳುವುದು ಮೂರು ನಾಲ್ಕು ವಾರದ ಮರಿ, ನಾಲ್ಕು. ನಾನು ಕೊಂಡಾಗ ಒಂದು ದೊಡ್ಡ ಜೋಡಿಯ ದುಡ್ಡಿಗೆ ಐದಾರು ಮರಿ ಬರುತ್ತಿದ್ದವು. ಒಂದು ದಿನದ ಮರಿ ಇನ್ನೂ ಅಗ್ಗ. ಆದರೆ ಮೊದಲ ವಾರ 32ರಿಂದ 35 ಡಿಗ್ರಿ ಶಾಖ ಕೊಡಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ನಮ್ಮ ಕರೆಂಟಿನ ಮೇಲೆ ಭರವಸೆ ಇಟ್ಟು ಬಲ್ಬಿನ ಕೆಳಗೆ ಮರಿ ಬಿಡಲು ಗುಂಡಿಗೆ ಬೇಕು. ನಾಲ್ಕು ವಾರದ ಮರಿ ಆ ಗಂಡಾಂತರ ದಾಟಿರುತ್ತದೆ, ನಿಮ್ಮನ್ನು ಗುರುತು ಹಿಡಿಯುವ ವಯಸ್ಸೂ ಮೀರಿರುವುದಿಲ್ಲ. ನಾಲ್ಕರಲ್ಲಿ ಒಂದಾದರೂ ಗಂಡು, ಒಂದಾದರೂ ಹೆಣ್ಣು ಬರುವ ಸಾಧ್ಯತೆ ಜಾಸ್ತಿ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಸರಿಯಾದ ಲೆಕ್ಕ. ಗಂಡು ಹೆಚ್ಚಾದರೆ ಜಗಳ. ಒಂಟಿ ಮರಿ ಮಾತ್ರ ತರಲೇಬೇಡಿ. ಅದು ನಿಮ್ಮನ್ನೇ ಬಳಗ ಅಂದುಕೊಂಡು ಅಡುಗೆಮನೆವರೆಗೂ ಹಿಂದೆ ಬರುತ್ತದೆ, ಬಾಗಿಲು ಹಾಕಿದರೆ ಅಳುತ್ತದೆ.

ಚೀನಾ ಹೆಣ್ಣು ಮೊಟ್ಟೆ ಇಡಲು ವರ್ಷದ ಹತ್ತಿರ ಬೇಕು. ಅಷ್ಟು ತಾಳ್ಮೆ ಇದ್ದವರಿಗೆ ಮರಿ.

ನೀರು: ಕೃಷಿ ಹೊಂಡವೋ, ಟಬ್ಬೋ?

ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳು ಎದ್ದಿವೆ. ಇಷ್ಟೊಂದು ನೀರಿದೆಯಲ್ಲ, ಬಿಟ್ಟರಾಯಿತು ಅನ್ನಿಸುತ್ತದೆ. ಬಿಡಬೇಡಿ. ಆ ಹಾಳೆ ಎಷ್ಟು ಜಾರುತ್ತದೆಂದರೆ ಇಳಿದ ಮರಿ ಮೇಲೆ ಹತ್ತಲಾರದೆ ಈಜಿ ಈಜಿ ಸೋತು ಮುಳುಗುತ್ತದೆ. ತಾಯಿಯಿಲ್ಲದೆ ಬೆಳೆದ ಎಳೆ ಮರಿಯ ನವಿರಿಗೆ ನೀರು ತಡೆಯುವ ಎಣ್ಣೆಯೂ ಸರಿಯಾಗಿ ಬಂದಿರುವುದಿಲ್ಲ. ದೊಡ್ಡವನ್ನು ಬಿಡುವುದಾದರೆ ಒಂದು ಮೂಲೆಯಲ್ಲಿ ಹಳೆಯ ಗೋಣಿಚೀಲಗಳನ್ನು ಹಗ್ಗಕ್ಕೆ ಹೊಲಿದು ನೀರಿನವರೆಗೆ ಇಳಿಬಿಡಿ, ಮೆಟ್ಟಿಲಾಗುತ್ತದೆ. ಹನಿ ನೀರಾವರಿಗೆ ಅದೇ ನೀರು ಬಳಸುವವರು ಇನ್ನೊಮ್ಮೆ ಯೋಚಿಸಿ, ಹಿಕ್ಕೆಯಿಂದ ಫಿಲ್ಟರು ಕಟ್ಟಿಕೊಳ್ಳುತ್ತದೆ.

ಹೊಸಬರಿಗೆ ಮೊಣಕಾಲೆತ್ತರದ ಟಬ್ಬು ಸಾಕು. ಮರಿಗಳಿಗೆ ಇನ್ನೂ ತಗ್ಗಿನದು. ಕಣ್ಣು, ಮೂಗಿನ ಹೊಳ್ಳೆ ಮುಳುಗಿಸಿ ತೊಳೆದುಕೊಳ್ಳುವಷ್ಟು ಆಳ ಇರಬೇಕು, ಇಲ್ಲದಿದ್ದರೆ ಕಣ್ಣು ಕಟ್ಟುತ್ತವೆ. ದಿನಾ ನೀರು ಬದಲಿಸಿ, ಹಳೆಯ ನೀರನ್ನು ಕರಿಬೇವಿಗೋ ತೆಂಗಿಗೋ ಹಾಕಿ. ಬೇಸಿಗೆಯಲ್ಲಿ ಟಬ್ಬು ನೆರಳಲ್ಲಿರಲಿ. ಬಿಸಿಲಿಗಿಟ್ಟ ನೀರು ಮಧ್ಯಾಹ್ನ ಸ್ನಾನದ ನೀರಾಗಿರುತ್ತದೆ.

ಕಾಳು, ಹಿಂಡಿ

ಮರಿಗೆ ಮೊದಲ ಮೂರು ವಾರ ಕೋಳಿಮರಿಯ ಸ್ಟಾರ್ಟರ್ ಫೀಡ್ ಕೊಡಬಹುದು. ಆದರೆ ಔಷಧ ಬೆರೆಸದ್ದನ್ನೇ ಕೇಳಿ ತನ್ನಿ. ಹೆಬ್ಬಾತಿನ ಮರಿಗೆ ನಿಯಾಸಿನ್ ಎಂಬ ಬಿ ವಿಟಮಿನ್ ಕೋಳಿಮರಿಗಿಂತ ಹೆಚ್ಚು ಬೇಕು. ಕಡಿಮೆಯಾದರೆ ಕಾಲು ಸೊಟ್ಟಗಾಗುತ್ತದೆ. ಪಶು ಆಸ್ಪತ್ರೆಯಲ್ಲಿ ಕೇಳಿದರೆ ನೀರಿಗೆ ಹಾಕುವ ಬಿ ಕಾಂಪ್ಲೆಕ್ಸ್ ಹೇಳುತ್ತಾರೆ. ಇನ್ನು ಪ್ರೀತಿ ಹೆಚ್ಚಾಗಿ ಆ ಸ್ಟಾರ್ಟರನ್ನೇ ತಿಂಗಳುಗಟ್ಟಲೆ ತಿನ್ನಿಸಿದರೆ ರೆಕ್ಕೆಯ ತುದಿ ಹೊರಕ್ಕೆ ತಿರುಗಿ ನಿಲ್ಲುತ್ತದೆ. ನೋಡಿದವರು ಮುರಿದಿದೆ ಅಂದುಕೊಳ್ಳುತ್ತಾರೆ. ಒಂದು ವಾರ ತುಂಬಿದ ಮೇಲೆ ಎಳೆ ಹುಲ್ಲು ತೋರಿಸಿ, ಮೂರು ವಾರದ ಮೇಲೆ ಹುಲ್ಲೇ ಮುಖ್ಯವಾಗಲಿ. ದೊಡ್ಡವಕ್ಕೆ ಸಂಜೆ ಜೋಳದ ನುಚ್ಚೋ ಗೋಧಿಯೋ ತಲಾ 100–150 ಗ್ರಾಂ, ಒಂದಿಷ್ಟು ಸಣ್ಣ ಹರಳು. ಮರಳೂ ಹರಳೂ ಇಲ್ಲದೆ ಅವಕ್ಕೆ ಕಾಳು ಅರೆಯಲಾಗದು.

ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾದದ್ದು ಶೇಂಗಾ ಹಿಂಡಿಯ ವಿಷಯ. ಎಮ್ಮೆಗೆ ಹಾಕುವ ಹಿಂಡಿ ಉಳಿದಿರುತ್ತದೆ, ಸುಮ್ನೆ ಹೆಬ್ಬಾತಿಗೂ ಒಂದು ಹಿಡಿ ಹಾಕುತ್ತೇವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಯಿಂದ. ಹಿಂಡಿಗೆ ಬೂಷ್ಟು ಹಿಡಿದಿತ್ತು. ಆ ಬೂಷ್ಟಿನ ವಿಷಕ್ಕೇ ಅಫ್ಲಾಟಾಕ್ಸಿನ್ ಅಂತ ಹೆಸರಿಟ್ಟರು. ಬಾತಿನ ಮರಿಗಳಿಗೆ ಈ ವಿಷ ಕೋಳಿಮರಿಗಿಂತ ಬೇಗ ತಗಲುತ್ತದೆ, ಹೆಬ್ಬಾತಿನ ಮರಿಯೂ ತಡೆಯುವುದಿಲ್ಲ. ಎಮ್ಮೆ ಅರಗಿಸಿಕೊಂಡಿತು ಅಂತ ಮರಿಗೆ ಹಾಕಬೇಡಿ. ಮಳೆಗಾಲದಲ್ಲಿ ಮುಗ್ಗಿದ ಗೋವಿನಜೋಳಕ್ಕೂ ಇದೇ ಮಾತು.

ತಂದ ದಿನ

ಹೊರಗೆ ಬಿಡಬೇಡಿ. ಒಂದು ವಾರ ಹತ್ತು ದಿನ ದಡ್ಡಿಯಲ್ಲೇ ಇಟ್ಟು ಹುಲ್ಲು ಕೊಯ್ದು ಹಾಕಿ. ಎತ್ತಿಕೊಳ್ಳುವಾಗ ಕೋಳಿಯ ಹಾಗೆ ಕಾಲು ಹಿಡಿದು ತೂಗಾಡಿಸಬಾರದು, ಕಾಲು ಬೇಗ ಉಳುಕುತ್ತದೆ. ರೆಕ್ಕೆ ಮಡಚಿ, ಮೈಯನ್ನು ಕಂಕುಳಲ್ಲಿ ಒತ್ತಿ, ತಲೆ ಹಿಂದಕ್ಕೆ ಬರುವಂತೆ ಹಿಡಿಯಿರಿ. ಹಿಕ್ಕೆ ಎತ್ತ ಬೀಳುತ್ತದೆ ಅನ್ನುವುದನ್ನೂ ನೋಡಿಕೊಂಡು ನಿಲ್ಲಿ.

ಸಂಜೆ ಕಾಳು ಹಾಕುವಾಗಲೆಲ್ಲ ಒಂದೇ ಡಬ್ಬಿ ಬಡಿಯಿರಿ. ಹತ್ತು ದಿನ ಕಳೆದ ಮೇಲೆ ಕಾಳು ಹಾಕುವ ಹೊತ್ತಿಗೆ ಒಂದು ತಾಸು ಮುಂಚೆ, ಹಸಿದಿರುವಾಗಲೇ, ಬಾಗಿಲು ತೆಗೆಯಿರಿ. ಬದುವಿನವರೆಗೆ ಹೋಗುತ್ತವೆ, ಸುತ್ತ ನೋಡುತ್ತವೆ, ನಾಲ್ಕು ಬಾಯಿ ಕರಿಕೆ ತಿನ್ನುತ್ತವೆ. ಹೊತ್ತು ಇಳಿದಾಗ ಡಬ್ಬಿ ಬಡಿಯಿರಿ. ನಮ್ಮವು ಮೊದಲ ಸಂಜೆ ಸಾಲುಗಟ್ಟಿ ಓಡಿ ಬಂದವು, ಕೊನೆಯದು ರೆಕ್ಕೆ ಬಿಚ್ಚಿ ಅರ್ಧ ಹಾರುತ್ತ. ಕಾಕಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. "ನಾಯಿಗಿಂತ ಚಲೋ ಬರ್ತಾವಲ್ಲೋ" ಅಂದರು, ನಮ್ಮ ನಾಯಿ ಕೇಳಿಸಿಕೊಳ್ಳದ ಹಾಗೆ ಮೆತ್ತಗೆ.